22 ಕೂಡ 17ಕ್ಕಿಂತ ದೊಡ್ಡದೇ

ಮಾನ್ಯ ಸಂಪಾದಕರೇ,

ನಾನು ಗಂಗಾವತಿಯ ಒಂದು ರೈಸ್‌ಮಿಲ್‌ನಲ್ಲಿ ಗುಮಾಸ್ತ. ಗೇಟಿನ ಹತ್ತಿರ ಕೂತು ಭತ್ತದ ಲಾರಿಗಳಿಗೆ ಚೀಟಿ ಕೊಡುವುದು ನನ್ನ ಕೆಲಸ. ಪ್ರೋಗ್ರಾಂ ಬರೆಯುವುದನ್ನು ಮಕ್ಕಳಿಗೆ ಹೇಗೆ ಕಲಿಸಬೇಕು ಅಂತ ನನ್ನಂಥವನು ಪತ್ರ ಬರೆದರೆ ನಗು ಬರಬಹುದು. ಬರಲಿ.

ನನ್ನ ಮಗಳು ಬಿಸಿಎ ಮೊದಲ ವರ್ಷದಲ್ಲಿದ್ದಾಳೆ. ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದಾಳೆ. ಕಳೆದ ತಿಂಗಳು ಇಫ್, ಎಲಿಫ್, ಎಲ್ಸ್ ಪಾಠ ನಡೆದಿತ್ತು: ಹೀಗಿದ್ದರೆ ಇದು ಮಾಡು, ಅದಲ್ಲದೆ ಹಾಗಿದ್ದರೆ ಅದು ಮಾಡು, ಯಾವುದೂ ಅಲ್ಲದಿದ್ದರೆ ಇನ್ನೊಂದು ಮಾಡು ಅಂತ ಕಂಪ್ಯೂಟರಿಗೆ ಹೇಳುವ ಪದಗಳು. ಮೂರು ಸಂಖ್ಯೆಗಳಲ್ಲಿ ದೊಡ್ಡದು ಯಾವುದು ಅನ್ನುವ ಪ್ರೋಗ್ರಾಂ ಅನ್ನು ಮಗ್ಗಿ ಹೇಳಿದ ಹಾಗೆ ಬಾಯಿಪಾಠ ಮಾಡುತ್ತಿದ್ದಳು. ಯಾಕವ್ವಾ ಅಂದರೆ, "ಲ್ಯಾಬ್ ಪರೀಕ್ಷೆಗೆ ಇದೇ ಬರ್ತೈತಂತಪ್ಪಾ" ಅಂದಳು. ಆಗ ನನಗೆ ನನ್ನ ಹಳೇ ಮಿಲ್ ನೆನಪಾಯಿತು.

ಅಲ್ಲಿನ ಸಾಹುಕಾರರು ಚೀಟಿ ಹಾಕಲು ಕಂಪ್ಯೂಟರ್ ತರಿಸಿದ್ದರು. ಪ್ರೋಗ್ರಾಂ ಬರೆಯಲು ಬಂದ ಹುಡುಗನಿಗೆ ಭತ್ತದ ತೇವ ಎಷ್ಟು ಪರ್ಸೆಂಟ್ ಇದ್ದರೆ ಏನು ಮಾಡಬೇಕು ಅಂತ ಅವರು ನಿಂತಲ್ಲೇ ಹೇಳಿದ್ದು ಇಷ್ಟು: "ತೇವ 17ರ ತನಕ ಇದ್ದರೆ ಪೂರ್ತಿ ತೂಕ. 17ಕ್ಕಿಂತ ಜಾಸ್ತಿ ಇದ್ದರೆ ಕಡಿತ. 20 ದಾಟಿದರೆ ವಾಪಸ್." ಹುಡುಗ ಅದೇ ಕ್ರಮದಲ್ಲಿ ಬರೆದ. ಒಂದು ರಾತ್ರಿ 22 ತೇವದ ಲೋಡು ಬಂತು. ನಾನು ಮೀಟರ್ ನೋಡಿ 22 ಅಂತ ಹಾಕಿದೆ. ಕಂಪ್ಯೂಟರ್ ಕಡಿತದ ಚೀಟಿ ಕೊಟ್ಟಿತು. ಹಮಾಲರು ಇಳಿಸಿದರು. ಹಸಿ ಭತ್ತ ಒಣ ರಾಶಿಗೆ ಸೇರಿಹೋಯಿತು. ಬೆಳಿಗ್ಗೆ ಬೈಗುಳ ಯಾರಿಗೆ ಬಿತ್ತು ಅಂತ ಹೇಳಬೇಕಿಲ್ಲ. ನನ್ನ ಕಣ್ಣಿಗೆ 22 ಕಂಡಿತ್ತು, ಅದೂ ನಿಜ. ಯಂತ್ರ ಹೇಳಿದ ಮೇಲೆ ನಾನ್ಯಾಕೆ ಬಾಯಿ ಹಾಕಲಿ ಅಂತ ಸುಮ್ನಿದ್ದೆ.

ಇದನ್ನು ಮಗಳಿಗೆ ಚೀಟಿಯ ಹಿಂದೆ ಬರೆದು ತೋರಿಸಿದೆ. ಎರಡು ನಿಮಿಷ ನೋಡಿ, "22 ಅಂದ್ರ 17ಕ್ಕಿಂತ ದೊಡ್ಡದಲ್ಲೇನಪ್ಪಾ? ಅದು ಅಲ್ಲೇ ನಿಂತ್‌ಬಿಟ್ಟೈತಿ" ಅಂದಳು. ಇಫ್, ಎಲಿಫ್ ಸಾಲುಗಳನ್ನು ಕಂಪ್ಯೂಟರ್ ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದಂತೆ. ಯಾವುದು ಮೊದಲು ನಿಜ ಆಗುತ್ತದೋ ಅದನ್ನು ಮಾಡಿ, ಉಳಿದದ್ದರ ಕಡೆ ತಿರುಗಿಯೂ ನೋಡುವುದಿಲ್ಲವಂತೆ. ಹಾಗಾಗಿ 20 ದಾಟಿದ್ದನ್ನು ಮೊದಲು ಕೇಳಬೇಕು, 17 ದಾಟಿದ್ದನ್ನು ಆಮೇಲೆ. ಸಾಹುಕಾರರ ಮಾತು ತಪ್ಪಿರಲಿಲ್ಲ. ಮನುಷ್ಯರಾದ ನಾವು ಕೊನೆಯ ಮಾತನ್ನೂ ಕೇಳಿ ಹಿಂದಿನದನ್ನು ತಿದ್ದಿಕೊಳ್ಳುತ್ತೇವೆ. ಕಂಪ್ಯೂಟರಿಗೆ ಆ ತಾಳ್ಮೆ ಇಲ್ಲ.

ಇಫ್ ಸಾಲಿನ ಕೊನೆಗೆ ಕೋಲನ್ (:) ಹಾಕಲು ಮರೆತರೆ, ಅದರ ಕೆಳಗಿನ ಸಾಲಿನ ಮೊದಲು ಸ್ಪೇಸ್ ಇಲ್ಲದಿದ್ದರೆ, ಇಫ್ ಸಾಲಿನಲ್ಲಿ ಎರಡು ಸಮ ಚಿಹ್ನೆ ಹಾಕುವ ಕಡೆ ಒಂದೇ ಹಾಕಿದರೆ ಪೈಥಾನೇ ಕೂಗಿ ಹೇಳುತ್ತದೆ. 22ರ ತಪ್ಪನ್ನು ಮಾತ್ರ ಅದು ಎಂದೂ ಹೇಳುವುದಿಲ್ಲ. ನಮ್ಮ ಪಾಠಗಳಲ್ಲಿ ಜಾಸ್ತಿ ಹೊತ್ತು ಹೋಗುವುದು ಕೋಲನ್ನಿಗೆ.

ಇನ್ನೊಂದು ಸಂಗತಿ. ಇಫ್ ಅಂದರೆ "ಒಂದು ವೇಳೆ" ಅಂತ ಹೇಳಿಕೊಡುತ್ತಾರಂತೆ. ನಮ್ಮ ಕಡೆ ಒಂದು ವೇಳೆ ಅಂತ ಯಾರು ಮಾತಾಡುತ್ತಾರೆ? ಇಂಗ್ಲಿಷಿನ ಇಫ್ ಸಾಮಾನ್ಯವಾಗಿ ಮಾತಿನ ತಲೆಯಲ್ಲೇ ಕೂರುತ್ತದೆ. ನಮ್ಮ "ರೆ" ಬಾಲದಲ್ಲಿ ಕೂರುತ್ತದೆ: ಬಂದರೆ, ಇದ್ದರೆ, ಇಲ್ಲದಿದ್ದರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ನಮ್ಮ ಚಹಾ ಅಂಗಡಿಯಲ್ಲಿ ವಾರವಿಡೀ ಇದೇ ಮಾತು. ಸ್ಟಾಪ್‌ಲಾಗ್, ಅಂದರೆ ಹೋದ ಗೇಟಿನ ಜಾಗಕ್ಕೆ ಇಳಿಸುವ ತಾತ್ಕಾಲಿಕ ತಡೆ, ಕೂತರೆ ನೀರು ಉಳಿಯುತ್ತದೆ. ನೀರು ಉಳಿದರೆ, ಆಮೇಲೆ ಮಳೆಯೂ ಬಂದರೆ, ಎರಡನೇ ಬೆಳೆ. ಇಲ್ಲದಿದ್ದರೆ ಒಂದೇ. ಇಫ್ ಒಳಗೊಂದು ಇಫ್ ಅನ್ನೋದು ಇದೇ ಅಲ್ವಾ? ಶಾಲೆಗೆ ಹೋಗದವರೂ ಇದನ್ನು ತಪ್ಪಿಲ್ಲದೆ ಹೇಳುತ್ತಿದ್ದರು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲು "ರೆ" ಹಚ್ಚಿ ಕಾಗದದ ಮೇಲೆ ಬರೆದು, ಆಮೇಲೆ ಕೀಬೋರ್ಡ್ ಮುಟ್ಟಲಿ.

ಬರೆಯುವಾಗ ಅಂಚನ್ನೂ ಕೇಳಬೇಕು. ಸರಿಯಾಗಿ 17 ಬಂದರೆ ಏನು? ಸರ್ಕಾರದ ಬೆಂಬಲ ಬೆಲೆ ಖರೀದಿಯಲ್ಲೂ ಭತ್ತದ ತೇವಕ್ಕೆ ಮಿತಿ 17 ಪರ್ಸೆಂಟೇ. "17ರ ತನಕ" ಅಂದರೆ 17 ಸೇರಿತು. "17ರ ಒಳಗೆ" ಅಂದರೆ? ಈ ಒಂದು ಪದಕ್ಕೆ ಗೇಟಿನಲ್ಲಿ ಸುಗ್ಗಿ ತುಂಬಾ ಜಗಳ. 75 ಕೆಜಿ ಚೀಲದ ಲೆಕ್ಕದಲ್ಲಿ ಒಂದು ಲೋಡಿಗೆ ಎಷ್ಟು ದುಡ್ಡು ಹೋಗುತ್ತದೆ ಅಂತ ರೈತನಿಗೆ ಗೊತ್ತು. ಕಂಪ್ಯೂಟರಿನಲ್ಲಿ "ಚಿಕ್ಕದು" ಬೇರೆ, "ಚಿಕ್ಕದು ಅಥವಾ ಸಮ" ಬೇರೆ. ಅಲ್ಲಿ ಹಾಕುವ ಒಂದು ಸಮ ಚಿಹ್ನೆಯ ಮೇಲೆ ಚೀಟಿ ನಿಂತಿರುತ್ತದೆ.

ನಮ್ಮ ಜಿಲ್ಲೆಯ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಲ್ಯಾಬ್ ಪರೀಕ್ಷೆಯಲ್ಲಿ ಪ್ರೋಗ್ರಾಂ ಬರೆಸಿ ಬಿಡಬೇಡಿ. ಐದು ಸಂಖ್ಯೆ ಕೊಟ್ಟು, ಒಂದೊಂದಕ್ಕೂ ಏನು ಬರುತ್ತದೆ ಅಂತ ಓಡಿಸುವ ಮೊದಲೇ ಹೇಳಿಸಿ. ನಾನು ಮಗಳಿಗೆ ಕೊಟ್ಟದ್ದು 16, 17, 18, 20, 22. ನಾಲ್ಕನ್ನು ಪಟಪಟ ಹೇಳಿದಳು. 20ಕ್ಕೆ ನಿಂತಳು. "ದಾಟಿದರ ಅಂದಾರಲ್ಲಪ್ಪಾ ಸಾಹುಕಾರ್ರು? ಹಂಗಾರ ಇದು ವಾಪಸ್ ಅಲ್ಲ, ಕಡಿತ" ಅಂದಳು.

ಇಂತಿ,
ರೈಸ್‌ಮಿಲ್ ಗುಮಾಸ್ತ
ಗಂಗಾವತಿ, ಕೊಪ್ಪಳ ಜಿಲ್ಲೆ