ಆಫ್‌ಸ್ಟೆಡ್ ನೋಂದಣಿ ಆಯಿತು: ಅಕ್ಕನಿಗೆ, ಮತ್ತೆ ನಿಮ್ಮೆಲ್ಲರಿಗೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಬೇರೆಯವರ ಮಕ್ಕಳನ್ನು ನಮ್ಮ ಮನೆಯಲ್ಲೇ ನೋಡಿಕೊಳ್ಳುವ ಚೈಲ್ಡ್‌ಮೈಂಡರ್ ಕೆಲಸಕ್ಕೆ, ಅದರ ಮೇಲ್ವಿಚಾರಣೆಯ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್‌ನಿಂದ ನೋಂದಣಿಯ ಸರ್ಟಿಫಿಕೇಟ್ ಕೈಸೇರಿದೆ. ಅರ್ಲಿ ಇಯರ್ಸ್ ರಿಜಿಸ್ಟರ್‌ನಲ್ಲೂ ಚೈಲ್ಡ್‌ಕೇರ್ ರಿಜಿಸ್ಟರ್‌ನ ಎರಡೂ ಭಾಗಗಳಲ್ಲೂ ಹೆಸರು ಬಿದ್ದಿದೆ. ಅಂದರೆ ಹಸುಗೂಸಿನಿಂದ ಹಿಡಿದು ಎಂಟು ದಾಟಿದ ಶಾಲೆ ಮಕ್ಕಳವರೆಗೆ ಮನೆಯಲ್ಲಿ ನೋಡಿಕೊಳ್ಳಬಹುದು.

ರೆಫರೆನ್ಸ್ ಕೊಟ್ಟ ಇಬ್ಬರಿಗೆ, ಕೋರ್ಸ್ ದಿನ ಮಗಳನ್ನು ನೋಡಿಕೊಂಡ ಗೆಳತಿಗೆ, ಡ್ರಿಲ್ ತಂದು ಸ್ಟೇರ್‌ಗೇಟ್ ಕೂರಿಸಿಕೊಟ್ಟ ಎದುರುಮನೆಯವರಿಗೆ, ಬಾಡಿಗೆ ಮನೆಯಲ್ಲಿ ಈ ಕೆಲಸ ಮಾಡಲು ಒಂದೇ ಮಾತಿಗೆ ಬರಹದಲ್ಲಿ ಒಪ್ಪಿಗೆ ಕೊಟ್ಟ ಮನೆ ಮಾಲೀಕರಿಗೆ ಕೈಮುಗಿದೆ.

ಹೆಸರಿನ ಗೋಜಲು ಬಿಡಿಸಿಕೊಟ್ಟ ಗೆಳೆಯನಿಗೆ ಒಂದು ಮಾತು ಹೆಚ್ಚು. ಡಿಬಿಎಸ್, ಅಂದರೆ ಅಪರಾಧ ದಾಖಲೆ ಪರಿಶೀಲನೆಯ ಅರ್ಜಿಯಲ್ಲಿ ಹಿಂದಿನ ಎಲ್ಲ ಹೆಸರುಗಳನ್ನೂ ಐದು ವರ್ಷದ ವಿಳಾಸಗಳನ್ನೂ ನಡುವೆ ಖಾಲಿ ಬಿಡದೆ ಕೊಡಬೇಕು. ನಮ್ಮವರ ಕಥೆ ಅಲ್ಲೇ ಸಿಕ್ಕಿಕೊಳ್ಳುವುದು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಅಪ್ಪನ ಹೆಸರು, ಬ್ಯಾಂಕಿನಲ್ಲಿ ಊರಿನ ಇನಿಷಿಯಲ್, ಮದುವೆಯಾದ ಮೇಲೆ ಗಂಡನ ಹೆಸರು. ಒಬ್ಬಳೇ ಹೆಂಗಸು, ಕಾಗದದಲ್ಲಿ ನಾಲ್ಕು ಜನ. ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು, ಯಾವ ಹೆಸರು ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಪಟ್ಟಿ ಮಾಡಿ, ಆಮೇಲೆ ಫಾರ್ಮ್ ತೆರೆಯಬೇಕು ಎಂದು ಹೇಳಿಕೊಟ್ಟವನು ಅವನೇ. ಕಳೆದ ಐದು ವರ್ಷದಲ್ಲಿ ಭಾರತದಲ್ಲಿ ವಾಸವಿದ್ದವರು ಅಲ್ಲಿನ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ತರಿಸಬೇಕು. ಅದರಲ್ಲೂ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಬರಲಿ. ಡಿಬಿಎಸ್ ಸರ್ಟಿಫಿಕೇಟ್ ಕೊಟ್ಟ ತಾರೀಖಿನಿಂದ 30 ದಿನದೊಳಗೆ, ಆ ಚೆಕ್ ಅನ್ನು ಚಾಲ್ತಿಯಲ್ಲಿಡುವ ಅಪ್‌ಡೇಟ್ ಸರ್ವಿಸ್‌ಗೆ ಸೇರಿಕೊಳ್ಳಿ. ಆ ಗಡುವು ತಪ್ಪಿದರೆ ಇಡೀ ಚೆಕ್ ಮೊದಲಿಂದ.

ಇನ್ನು ಅಕ್ಕ. ಹೆಸರು ಹಾಕಬಾರದು ಎಂದು ಖಡಾಖಂಡಿತವಾಗಿ ಹೇಳಿದ್ದಾರೆ, ಹಾಕುವುದಿಲ್ಲ. ಹಾಸನದ ಕಡೆಯವರು, ಇಲ್ಲಿ ರೆಡಿಂಗ್‌ನಲ್ಲಿ ಬಹಳ ವರ್ಷದಿಂದ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರು ಎಂದರೆ ಗೊತ್ತಿರುವವರಿಗೆ ಗೊತ್ತಾಗುತ್ತದೆ.

ಅಕ್ಕ ಮೊದಲ ಸಲ ಬಂದಾಗ ಕಾಗದ ಪತ್ರ ಒಂದನ್ನೂ ಕೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹಾಲ್‌ನಲ್ಲಿ ಮಂಡಿಯೂರಿದರು. ಅಂಬೆಗಾಲಿಡುತ್ತ ಸೋಫಾ ಸುತ್ತಿ, ಟಿವಿ ಸ್ಟ್ಯಾಂಡ್ ಹಿಂದೆ ಕೈಹಾಕಿ, ಪುಟ್ಟ ರಿಮೋಟ್ ಒಂದನ್ನು ಹೊರಗೆಳೆದರು. ಅದರ ಹಿಂದಿನ ಮುಚ್ಚಳ ಸಡಿಲ. ಬೆರಳಲ್ಲಿ ತಳ್ಳಿದರೆ ನಾಣ್ಯದಂಥ ಬ್ಯಾಟರಿ ಅಂಗೈಗೆ ಬಿತ್ತು. ಮಗು ಇದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು, ವಾಂತಿ ಮಾಡಿಸಲು ಹೋಗದೆ ನೇರ 999ಕ್ಕೆ ಫೋನ್ ಅಥವಾ ಆಸ್ಪತ್ರೆಯ ಎಮರ್ಜೆನ್ಸಿ ಎಂದರು. ಬ್ಲೈಂಡ್‌ನ ದಾರ ನೆಲದಿಂದ ಕನಿಷ್ಠ 1.5 ಮೀಟರ್ ಎತ್ತರದಲ್ಲಿ ಕೊಕ್ಕೆಗೆ ಸುತ್ತಿರಬೇಕು. ಪ್ರತಿ ಮಹಡಿಗೂ ಸ್ಮೋಕ್ ಅಲಾರ್ಮ್, ಬಾಯ್ಲರ್ ಇರುವ ಕಡೆ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್, ಅಡುಗೆಮನೆಯಲ್ಲಿ ಫೈರ್ ಬ್ಲಾಂಕೆಟ್. ಮುಂಬಾಗಿಲು ಮಗು ತೆಗೆಯಲಾರದಂತೆ ಹಾಕಿರಬೇಕು, ಆದರೆ ಬೆಂಕಿ ಬಿದ್ದರೆ ದೊಡ್ಡವರ ಕೈಗೆ ಬೀಗದ ಕೈ ತಕ್ಷಣ ಸಿಗಬೇಕು. ಇದೆಲ್ಲ ಇಂಟರ್ನೆಟ್‌ನಲ್ಲೂ ಸಿಗುತ್ತದೆ. ಸಿಗದೇ ಇರುವುದು ನಮ್ಮ ಮನೆಗಳದ್ದು: ದೇವರ ಮುಂದಿನ ದೀಪ, ಊದಿನಕಡ್ಡಿ, ಬೆಂಕಿಪೊಟ್ಟಣ, ಕೈಗೆಟುಕುವ ಕರ್ಪೂರದ ಡಬ್ಬಿ. ಮಕ್ಕಳು ಬರುವ ಮುಂಚೆ ದೀಪ ಹಚ್ಚಿ ಶಾಂತ ಮಾಡಿ, ಸಂಜೆ ಎಲ್ಲರೂ ಹೋದ ಮೇಲೆ ಮತ್ತೆ ಹಚ್ಚು ಎಂದರು. ದೇವರಿಗೆ ಅಭ್ಯಂತರ ಇರಲಾರದು.

ಅಡುಗೆ ವಿಚಾರದಲ್ಲಿ ಅಕ್ಕ ಹೇಳಿದ್ದು ಇಲ್ಲಿಯ ಎಲ್ಲ ಕನ್ನಡ ಮನೆಗಳಿಗೂ ಉಪಯೋಗ. ಬ್ರಿಟನ್ನಿನ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿ ಸಾಸಿವೆ ಇದೆ, ಎಳ್ಳಿದೆ, ಕಡಲೆಕಾಯಿ ಇದೆ. ಅಂದರೆ ನಮ್ಮ ಒಗ್ಗರಣೆ ಬಿದ್ದ ಯಾವ ಸಾರೂ ಪಲ್ಯವೂ ಆ ಪಟ್ಟಿಯಿಂದ ತಪ್ಪಿಸಿಕೊಳ್ಳುವುದಿಲ್ಲ. ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ನೋಡಿ, ಬಹುಪಾಲು ಗೋಧಿ ಹಿಟ್ಟು ಬೆರೆಸಿದ್ದು. ಗ್ಲುಟನ್ ಆಗದ ಮಗುವಿಗೆ ಬರೀ ಅನ್ನ ಸಾರು ಎಂದು ಧೈರ್ಯವಾಗಿ ಬಡಿಸಿದರೆ ಅಲ್ಲೇ ತೊಂದರೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ನಾಲ್ಕು ಹೋಳು. ಐದು ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ, ಗೋಡಂಬಿ ಇಲ್ಲ, ಆದ್ದರಿಂದ ಚಿತ್ರಾನ್ನದಲ್ಲಿ ಅವು ಬೇಡ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಸಲ್ಲದು, ಅಜ್ಜಿ ಎಷ್ಟೇ ಹೇಳಲಿ. ಮಕ್ಕಳು ತಿನ್ನುವಾಗ ಫಸ್ಟ್ ಏಡ್ ಸರ್ಟಿಫಿಕೇಟ್ ಇರುವವರು ಅದೇ ಕೋಣೆಯಲ್ಲಿ ಇರಲೇಬೇಕು. ಒಬ್ಬರೇ ನಡೆಸುವ ಮನೆಯಲ್ಲಿ ಅದು ನಾವೇ, ಹಾಗಾಗಿ ಊಟದ ಹೊತ್ತಿಗೆ ಕುಕ್ಕರ್ ಕೂಗಿದರೂ ಏಳುವಂತಿಲ್ಲ, ಮೊದಲೇ ಇಳಿಸಿರಬೇಕು. ಆ ಕೋರ್ಸೂ 12 ಗಂಟೆಯ ಪೂರ್ತಿ ಪೀಡಿಯಾಟ್ರಿಕ್ (ಮಕ್ಕಳ ಫಸ್ಟ್ ಏಡ್) ಕೋರ್ಸೇ ಆಗಿರಬೇಕು, ಮೂರು ವರ್ಷಕ್ಕೊಮ್ಮೆ ಮತ್ತೆ. ಅಗ್ಗಕ್ಕೆ ಸಿಗುವ 6 ಗಂಟೆಯದ್ದಕ್ಕೆ ದುಡ್ಡು ಹಾಕಬೇಡಿ.

ನಿದ್ದೆಯದ್ದೂ ಹಾಗೇ. ಬೆನ್ನ ಮೇಲೆ ಮಲಗಿಸಿ, ಕಾಲು ಕಾಟ್‌ನ ತುದಿಗೆ ತಾಗುವಂತೆ, ಕೋಣೆ 16ರಿಂದ 20 ಡಿಗ್ರಿ. ವರ್ಷದೊಳಗಿನ ಮಗುವಿಗೆ ದಿಂಬು ಬೇಡ, ಊರಿಂದ ಬಂದ ಸಾಸಿವೆ ದಿಂಬೂ ಬೇಡ. ಕೊರಳಲ್ಲಿ ಕಪ್ಪು ದಾರ ಇದ್ದರೆ ತಾಯಿಯ ಹತ್ತಿರ ಮಾತಾಡಿ ಮಲಗುವ ಮುಂಚೆ ತೆಗೆಯುವುದು.

ಜಾಗದ ಲೆಕ್ಕವನ್ನು ಅಕ್ಕ ಟೇಪ್ ಹಿಡಿದು ಮಾಡಿಸಿದರು. ಎರಡು ವರ್ಷದೊಳಗಿನ ಮಗುವಿಗೆ 3.5 ಚದರ ಮೀಟರ್, ಎರಡು ವರ್ಷದ್ದಕ್ಕೆ 2.5, ಮೂರರಿಂದ ಐದಕ್ಕೆ 2.3. ಒಂದು ವರ್ಷದ ಒಂದು ಮಗು, ಮೂರು ವರ್ಷದ ಇಬ್ಬರು ಎಂದರೆ 8.1. ಕೇಳಲು ಸಣ್ಣದು, ಆದರೆ ಅಡುಗೆಮನೆ, ಓಡಾಡುವ ದಾರಿ, ಸಾಮಾನಿಡುವ ಜಾಗ ಲೆಕ್ಕಕ್ಕೆ ಬರುವುದಿಲ್ಲ. ತಲೆ ಲೆಕ್ಕವೂ ಇದೆ: ಎಂಟರೊಳಗಿನವರು ಒಟ್ಟು ಆರು, ಅವರಲ್ಲಿ ಸುಮಾರು ಐದು ವರ್ಷದವರೆಗಿನ ಚಿಕ್ಕವರು ಮೂರು, ವರ್ಷದೊಳಗಿನದು ಒಂದೇ. ನಮ್ಮ ಸ್ವಂತ ಮಕ್ಕಳೂ ಅದರಲ್ಲೇ ಸೇರುತ್ತಾರೆ. ಒಡಹುಟ್ಟಿದವರಿಗೂ ಸ್ವಂತ ಮಕ್ಕಳಿಗೂ ವಿನಾಯಿತಿ ಇದೆ, ಆದರೆ ಅದನ್ನು ನೆಚ್ಚಿಕೊಂಡು ಮೊದಲ ದಿನವೇ ಮನೆ ತುಂಬಿಸಿಕೊಳ್ಳುವುದು ಅಕ್ಕನಿಗೆ ಸರಿಕಾಣುವುದಿಲ್ಲ. ನನಗೂ.

ಇನ್‌ಸ್ಪೆಕ್ಟರ್ ಬರುವ ಹಿಂದಿನ ರಾತ್ರಿಯ ಬಗ್ಗೆ ಬರೆಯದೆ ಈ ಬರಹ ಮುಗಿಯುವುದಿಲ್ಲ. ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಅಕ್ಕನಿಗೆ ಮೆಸೇಜ್ ಹೋಗಿತ್ತು. ಹೆದರಿಕೆಗೆ ಕಾರಣ ಇತ್ತು: ನೋಂದಣಿ ನಿರಾಕರಿಸಿದರೆ ಅದು ಬರೀ ಫೇಲ್ ಅಲ್ಲ, ಮಕ್ಕಳ ಆರೈಕೆಯ ಕೆಲಸಕ್ಕೇ ಅನರ್ಹತೆ ತಗಲುತ್ತದೆ. ಅಕ್ಕ ಉತ್ತರ ಬರೆಯಲಿಲ್ಲ. ತಮ್ಮ ಮನೆಯ ಕೊನೆಯ ಮಗುವನ್ನು ಅಮ್ಮನ ಕೈಗೆ ಕೊಟ್ಟು ನೇರ ಬಂದರು, ಬ್ಯಾಗಿನಲ್ಲಿ ಬದಲಿ ಬಟ್ಟೆ ಇತ್ತು.

ಪ್ರಶ್ನೆ ಕೇಳುತ್ತ ಕೂತರು. ಇನ್ನೂ ಮಗುಚಿಕೊಳ್ಳದ ಕೂಸಿನ ಕೆನ್ನೆಯಲ್ಲಿ ಕಂದಿದ ಗುರುತು, ಏನು ಮಾಡ್ತೀಯ? ತನ್ನಷ್ಟಕ್ಕೆ ಚಲಿಸದ ಕೂಸಿಗೆ ಬಿದ್ದು ಗಾಯವಾಗಲು ದಾರಿಯೇ ಕಡಿಮೆ, ಆದ್ದರಿಂದ ನಾಳೆ ನೋಡೋಣ ಎನ್ನುವಂತಿಲ್ಲ, ಅಂದೇ ಕೌನ್ಸಿಲ್‌ನ ಮಕ್ಕಳ ಸೇವೆಗೆ ಫೋನ್. ನಾಲ್ಕು ವರ್ಷದ ಮಗು ಗುಟ್ಟೊಂದು ಹೇಳ್ತೀನಿ, ಯಾರಿಗೂ ಹೇಳಬೇಡ ಎಂದರೆ? ಮಾತು ಕೊಡಬಾರದು, ಕೆದಕಿ ಕೇಳಬಾರದು, ಮಗುವಿನ ಮಾತನ್ನು ಮಗು ಆಡಿದ ಹಾಗೇ, ವೇಳೆ ಹಾಕಿ ಬರೆದಿಡಬೇಕು. ಇವೆಲ್ಲ ಬಾಯಿಪಾಠ ಇದ್ದವು.

ಆಮೇಲೆ ಅಕ್ಕ ದನಿ ಇಳಿಸದೆ ಕೇಳಿದರು: "ನಿನ್ನ ಗಂಡನ ಮೇಲೇ ಒಂದು ಮಗು ಏನಾದರೂ ಹೇಳಿದರೆ?"

ಗಂಡ ಒಳಗೆ ಪಾತ್ರೆ ತೊಳೆಯುತ್ತಿದ್ದರು. ನಲ್ಲಿ ನಿಂತಿತು. ಬಾಯಿಗೆ ಉತ್ತರ ಬರಲಿಲ್ಲ, ಅಳು ಬಂತು, ಅಕ್ಕನ ಮೇಲೆ ಸಿಟ್ಟೂ ಬಂತು. ನಮ್ಮ ಮನೆಯ ಬಗ್ಗೆ ಹೀಗೆ ಕೇಳುವವರು ಯಾರು ಎಂದು ಅನಿಸಿದ್ದು ನಿಜ. ಅಕ್ಕ ಸಮಾಧಾನ ಮಾಡಲಿಲ್ಲ. ಪಾತ್ರೆ ಬಿಟ್ಟು ಬಂದು ಪಕ್ಕದಲ್ಲಿ ಕೂರಪ್ಪ ಎಂದು ಅವರನ್ನೂ ಕರೆದರು. ನೋಂದಣಿ ಆಗುವುದು ಇವಳೊಬ್ಬಳದಲ್ಲ, ನಿಮ್ಮ ಇಡೀ ಮನೆಯದ್ದು, ಅದಕ್ಕೇ 16 ತುಂಬಿದ ಎಲ್ಲರಿಗೂ ಡಿಬಿಎಸ್ ಎಂದರು. ಉತ್ತರವನ್ನು ಇಬ್ಬರಿಗೂ ಒಟ್ಟಿಗೆ ಹೇಳಿಕೊಟ್ಟರು: ಮಕ್ಕಳಿಂದ ಅವರನ್ನು ಆ ಕ್ಷಣವೇ ದೂರ ಇರಿಸುವುದು, ನಾವೇ ವಿಚಾರಣೆಗೆ ಇಳಿಯದೆ ಕೌನ್ಸಿಲ್‌ನಲ್ಲಿ ಇಂಥ ಆರೋಪಗಳನ್ನು ನೋಡುವ ಅಧಿಕಾರಿ ಲಾಡೋಗೆ ತಿಳಿಸುವುದು, ಆಫ್‌ಸ್ಟೆಡ್‌ಗೆ ಆದಷ್ಟು ಬೇಗ, ತಡವೆಂದರೆ 14 ದಿನದೊಳಗೆ ಹೇಳುವುದು. "ಇದನ್ನ ಅಳದೆ ಹೇಳೋಕೆ ಬಂದರೆ ಉಳಿದದ್ದೆಲ್ಲ ಸುಲಭ," ಎಂದು ಮತ್ತೆ ಮೊದಲಿಂದ ಕೇಳಿದರು. ಗಂಡನೂ ಉತ್ತರ ಹೇಳಿದರು. ಅಕ್ಕ ಸೋಫಾದ ಮೇಲೆ ಮಲಗಿ, ಬೆಳಿಗ್ಗೆ ತಮ್ಮ ಮಕ್ಕಳು ಬರುವ ಹೊತ್ತಿಗೆ ಮುಂಚೆ ಹೊರಟುಹೋದರು.

ಭೇಟಿಯಲ್ಲಿ ಇನ್‌ಸ್ಪೆಕ್ಟರ್ ಗುರುತಿನ ಚೀಟಿ, ಫಸ್ಟ್ ಏಡ್ ಸರ್ಟಿಫಿಕೇಟ್ ನೋಡಿದರು, ಮನೆ ಹಿತ್ತಿಲು ಸುತ್ತಿದರು, ಉಳಿದ ಹೊತ್ತೆಲ್ಲ ಮಾತು. ನಿಯಮದ ನಂಬರ್ ಕೇಳುವುದಿಲ್ಲ, ಹೀಗಾದರೆ ಏನು ಮಾಡುತ್ತೀರಿ ಎಂದೇ ಕೇಳುವುದು. ಐದು ವರ್ಷದವರೆಗಿನ ಮಕ್ಕಳ ಕಲಿಕೆ, ಆರೈಕೆಗೆ ಸರ್ಕಾರ ಇಟ್ಟಿರುವ ಚೌಕಟ್ಟು ಇವೈಎಫ್‌ಎಸ್‌ನ ಏಳು ಕಲಿಕಾ ಕ್ಷೇತ್ರಗಳನ್ನು ಪಟಪಟನೆ ಒಪ್ಪಿಸಿದರೆ ಪ್ರಯೋಜನ ಕಡಿಮೆ. ಎರಡು ವರ್ಷದ ಮಗು ಹಿಟ್ಟು ನಾದುವಾಗ ಏನೇನು ಕಲಿಯುತ್ತದೆ ಎಂದು ಹೇಳಬಲ್ಲಿರಾ ಅನ್ನುವುದು ಮುಖ್ಯ. ಮನೆಮಾತು ಬೇರೆ ಇರುವ ಮಗುವಿಗೆ ಆ ಭಾಷೆಯನ್ನು ಆಟದಲ್ಲಿ ಬಳಸಲು ಅವಕಾಶ ಕೊಡಬೇಕು ಎಂದು ಆ ಚೌಕಟ್ಟೇ ಹೇಳುತ್ತದೆ, ಆದ್ದರಿಂದ ಕನ್ನಡ ಬಳಸುತ್ತೀರಾ ಎಂದರೆ ಅಳುಕಬೇಡಿ. ನಿಜವಾದ ಇನ್‌ಸ್ಪೆಕ್ಷನ್ ಮುಂದೆ, ಮಕ್ಕಳು ಇರುವಾಗ ನಡೆಯುತ್ತದೆ. 2025ರ ನವೆಂಬರ್‌ನಿಂದ ಅದಕ್ಕೆ ಒಂದೇ ಪದದ ತೀರ್ಪು ಹೋಗಿ, ವಿಷಯವಾರು ದರ್ಜೆ ಇರುವ ರಿಪೋರ್ಟ್ ಕಾರ್ಡ್ ಬಂದಿದೆ. ಅಕ್ಕನೇ ಇದನ್ನು ಹೊಸದಾಗಿ ಓದಿಕೊಳ್ಳುತ್ತಿದ್ದಾರೆ.

ಕೊನೆಗೆ ಅತ್ತೆಯವರಿಗೆ. ಮೇ ತಿಂಗಳಲ್ಲಿ ಅತ್ತೆ ಮಾವ ಆರು ತಿಂಗಳಿಗೆ ಬರುತ್ತಾರೆ. ಅಷ್ಟು ದಿನ ಇರುವವರನ್ನು ನೆಂಟರು ಎಂದು ಬಿಡಲಾಗದು. ಮನೆಯಲ್ಲಿ ವಾಸಕ್ಕೆ ಬಂದ ದೊಡ್ಡವರ ವಿವರವನ್ನು 14 ದಿನದೊಳಗೆ ಆಫ್‌ಸ್ಟೆಡ್‌ಗೆ ತಿಳಿಸಬೇಕು, ಚೆಕ್ ಮುಗಿಯುವವರೆಗೆ ಮಕ್ಕಳ ಜೊತೆ ಅವರನ್ನಷ್ಟೇ ಬಿಡುವಂತಿಲ್ಲ. ಇದನ್ನು ಹಿರಿಯರಿಗೆ ಹೇಗೆ ಹೇಳುವುದು ಎಂದು ನಾವಿಬ್ಬರೂ ಒದ್ದಾಡುತ್ತಿದ್ದಾಗ ಅವರೇ ಫೋನ್ ಮಾಡಿ, ಪಾಸ್‌ಪೋರ್ಟ್ ಫೋಟೋ ಕಳಿಸಿದ್ದೀನಿ, ಹಳೇ ಮನೆ ವಿಳಾಸನೂ ಬೇಕೇನಮ್ಮ ಎಂದರು. ಬೇಕು ಅತ್ತೆ, ಐದು ವರ್ಷದ್ದೂ ಬೇಕು. ಮಾವನವರದ್ದೂ ಕಳಿಸಿ.