ಕ್ಯಾಂಪಿನ ಫೋಟೊ ಬಂತು, ಆರು ತಿಂಗಳು ಜೊತೆಗಿರೋರು ಎಲ್ಲಿ?

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಪೇಪರಲ್ಲಿ ಮುಂಬಯಿಯ ನಮ್ಮ ಕನ್ನಡದೋರ ಸಂಘವೊಂದರ ಹೆಲ್ತ್ ಕ್ಯಾಂಪಿನ ಫೋಟೊ ಬಂದಿತ್ತು. ಸ್ಟೇಜ್ ಮೇಲೆ ಶಾಲು ಹೊದ್ದು ಒಂಬತ್ತು ಜನ ಕೂತಿದ್ರು, ಒಂಬತ್ತೂ ಜನರ ಹೆಸರು ಹಾಕಿದ್ರಿ, ಆದ್ರೆ ಬಿಪಿ ಶುಗರ್ ನೋಡಿಸ್ಕೊಳ್ಳೋಕೆ ಬಂದೋರಲ್ಲಿ ಎಷ್ಟು ಜನಕ್ಕೆ ಏನು ಸಿಕ್ತು, ಆಮೇಲೆ ಅವರನ್ನ ಯಾರು ವಿಚಾರಿಸ್ತಾರೆ ಅಂತ ಒಂದು ಸಾಲೂ ಇರಲಿಲ್ಲ. ಕ್ಯಾಂಪ್ ಬೇಡ ಅನ್ನಲ್ಲ ಮಾರಾಯ್ರೆ, ನನಗೆ ಶುಗರ್ ಇದೆ ಅಂತ ಗೊತ್ತಾಗಿದ್ದೇ ಅಂಥ ಒಂದು ಕ್ಯಾಂಪಲ್ಲಿ. ಆದ್ರೆ ಟಿಬಿ ರೋಗಿಗಳ ಜೊತೆ ನಿಂತು ಫೋಟೊಕ್ಕೆ ಸಿಗದ ಕೆಲಸ ಮಾಡೋ ಒಂದು ಪುಟ್ಟ ಟ್ರಸ್ಟ್ ನಮ್ಮ ಘಾಟ್‌ಕೋಪರ್ ಕಡೆ ಇದೆ, ಅದರ ಬಗ್ಗೆ ಯಾರೂ ಬರೀತಿಲ್ಲ ಅಂತ ನಾನೇ ಕೂತು ಬರೀತಿದ್ದೀನಿ. ಹೆಸರು ಹಾಕ್ಬೇಡಿ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಹೆಸರಿಲ್ಲ.

ನಾನು ಕುಂದಾಪುರದ ಕಡೆಯವ. ಏಳನೇ ಕ್ಲಾಸ್ ಮುಗಿಸಿ ಮುಂಬಯಿ ಬಸ್ ಹತ್ತಿ, ಮೋರಿ ಹತ್ರ ತಟ್ಟೆ ತೊಳೆದು, ಕ್ಲೀನರ್ ಆಗಿ, ಸಪ್ಲೈಯರ್ ಆಗಿ, ಕೊನೆಗೆ ಮೂವತ್ತೊಂದು ವರ್ಷ ಗಲ್ಲಾ ಮೇಲೆ ಕೂತೆ. ಹೋಟ್ಲು ಅಂದ್ರೆ ಗಿರಾಕಿಗೆ ಕಾಣೋದು ಕೆಳಗಿನ ಟೇಬಲ್ಲು ಮಾತ್ರ, ಮೇಲೆ ಮಾಳಿಗೆ ಇರ್ತದಲ್ಲ, ಎದ್ದು ನಿಂತ್ರೆ ತಲೆ ತಾಗೋ ಅಂಥದ್ದು, ಅಲ್ಲಿ ಎಂಟು ಹತ್ತು ಹುಡುಗ್ರು ಒತ್ತೊತ್ತಾಗಿ ಮಲಗ್ತಾರೆ, ಒಂದು ಫ್ಯಾನು, ಕಿಟಕಿ ಇಲ್ಲ, ಇದ್ರೂ ಸಾಮಾನು ಅಡ್ಡ ಇಟ್ಟಿರ್ತೇವೆ. ಅಲ್ಲಿ ಒಬ್ಬ ಕೆಮ್ಮಿದ್ರೆ ಆ ಗಾಳಿಯನ್ನ ಎಂಟೂ ಜನ ಉಸಿರಾಡಬೇಕು.

2009ರಲ್ಲಿ ನಮ್ಮ ಹೋಟ್ಲಲ್ಲಿ ಬೈಂದೂರು ಕಡೆ ಹುಡುಗ ಒಬ್ಬ ಇದ್ದ. ಕೆಮ್ಮು, ಸಂಜೆ ಆದ್ರೆ ಜ್ವರ, ಪ್ಯಾಂಟು ಜಾರ್ತಾ ಇತ್ತು. ಡಾಕ್ಟರ್ ಟಿಬಿ ಅಂದ್ರು. ಗಿರಾಕಿಗಳಿಗೆ ಗೊತ್ತಾದ್ರೆ ಕಷ್ಟ ಅಂತ ನಾನೇ ಟಿಕೆಟ್ ತೆಗೆಸಿ, ಐನೂರು ರೂಪಾಯಿ ಕೈಗಿಟ್ಟು, ಊರಲ್ಲಿ ರೆಸ್ಟ್ ತಗೋ ಮಾರಾಯ ಅಂತ ರಾತ್ರಿ ಬಸ್ಸಿಗೆ ಹತ್ತಿಸಿದೆ. ದೊಡ್ಡ ಉಪಕಾರ ಮಾಡಿದೆ ಅಂದ್ಕೊಂಡಿದ್ದೆ ಆಗ. ಅವನ ಮಾತ್ರೆ ಊರಲ್ಲಿ ಎಲ್ಲಿ ಸಿಗ್ತದೆ, ಇಲ್ಲಿನ ಕಾಗದ ಅಲ್ಲಿಗೆ ಹೋಗ್ಬೇಕಾ, ಏನೂ ಕೇಳಲಿಲ್ಲ. ಮರುವರ್ಷ ಅವನ ಅಮ್ಮ ಫೋನ್ ಮಾಡಿ, ಅವನದ್ದು ಹನ್ನೊಂದು ದಿನದ ಸಂಬಳ ಬಾಕಿ ಇತ್ತಂತೆ ಮಗಾ, ಅದು ಸಿಗ್ತದಾ ಅಂತ ಕೇಳಿದ್ರು. ಅವನು ಯಾಕೆ ಫೋನ್ ಮಾಡಲಿಲ್ಲ ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ.

ಈ ಟ್ರಸ್ಟಿನ ಪರಿಚಯ ಆಗಿದ್ದು ಅದಾಗಿ ಎಷ್ಟೋ ವರ್ಷ ಆದ್ಮೇಲೆ. ಭಜನಾ ಮಂಡಳಿಯ ಹಿಂದಿನ ಒಂದು ರೂಮು, ಮಂಗಳವಾರ ಮತ್ತೆ ಶುಕ್ರವಾರ ಸಾಯಂಕಾಲ ಬಾಗಿಲು ತೆರೀತಾರೆ. ಮುನ್ಸಿಪಾಲಿಟಿ ಆಸ್ಪತ್ರೆಯಲ್ಲಿ ರಿಟೈರ್ ಆದ ಒಬ್ಬರು ನರ್ಸ್, ಅವರನ್ನ ಎಲ್ಲರೂ ಸಿಸ್ಟರಕ್ಕ ಅಂತಾರೆ. ಮುಂಬಯಿಯ ಬೆಸ್ಟ್ ಸಿಟಿ ಬಸ್ಸಲ್ಲಿ ಕಂಡಕ್ಟರ್ ಆಗಿದ್ದ ಒಬ್ಬರು ಅಣ್ಣ. ಇನ್ನು ಮೆಸ್ ನಡೆಸೋ ಒಬ್ಬರು ಅಕ್ಕ, ಮೇಲೆ ಮೂರ್ನಾಲ್ಕು ಜನ. ಅಷ್ಟೇ. ಈಗ ಬರೋ ಹುಡುಗ್ರು ನಮ್ಮ ಕರಾವಳಿಯವರು ಕಮ್ಮಿ, ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದೋರೇ ಹೆಚ್ಚು. ಅವರಲ್ಲಿ ಎಷ್ಟೋ ಜನಕ್ಕೆ ಹಿಂದಿ ಅರ್ಧಂಬರ್ಧ, ಮರಾಠಿ ಕೇಳಿದ್ರೆ ಸುಮ್ಮನೆ ತಲೆ ಆಡಿಸ್ತಾರೆ. ಡಾಕ್ಟರು ಏನು ಹೇಳಿದ್ರಪ್ಪ ಅಂತ ಸಿಸ್ಟರಕ್ಕ ಒಬ್ಬನ್ನ ಕೇಳಿದ್ರೆ, "ಏನೋ ಅಂದ್ರರೀ ಅಕ್ಕಾರ, ನಾ ಹೂಂ ಅಂದು ಬಂದೆ" ಅಂದ. ಎರಡು ವಾರ ದಾಟಿದ ಕೆಮ್ಮು, ಕಫ ಟೆಸ್ಟಿಗೆ ಬರೆದು ಕೊಟ್ಟಿದ್ದಾರೆ, ಇವನು ಆ ಚೀಟಿ ಮಡಚಿ ಜೇಬಲ್ಲಿಟ್ಕೊಂಡು ಕೆಮ್ಮಿನ ಸಿರಪ್ ಕುಡೀತಾ ಇದ್ದಾನೆ. ಮರುದಿನ ಬೆಳಿಗ್ಗೆ ಕಂಡಕ್ಟರ್ ಅಣ್ಣ ಅವನ ಜೊತೆ ಹೋಗಿ ಲೈನಲ್ಲಿ ನಿಂತ್ರು.

ಟಿಬಿಗೆ ಸರ್ಕಾರದ ಔಷಧಿ ಪುಕ್ಕಟೆ, ಸಾಮಾನ್ಯ ಟಿಬಿ ಆದ್ರೆ ಆರು ತಿಂಗಳು ತಗೊಂಡ್ರೆ ವಾಸಿ ಆಗ್ತದೆ, ಇದು ಎಲ್ಲರಿಗೂ ಗೊತ್ತು. ಎಡವೋದು ಆ ಆರು ತಿಂಗಳ ಮಧ್ಯದಲ್ಲಿ. ಮೊದಲನೇ ವಾರವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗ್ತದೆ, ಅದು ರಿಫಾಂಪಿಸಿನ್ ಅನ್ನೋ ಮಾತ್ರೆಯ ಬಣ್ಣ, ಬೇರೇನಲ್ಲ, ಆದ್ರೆ ಹುಡುಗ ರಕ್ತ ಹೋಗ್ತಿದೆ ಅಂತ ಹೆದರಿ ಮಾತ್ರೆ ಬಿಸಾಕ್ತಾನೆ. ಸಿಸ್ಟರಕ್ಕ ಮೊದಲ ದಿನವೇ ನಗ್ತಾ ಹೇಳಿಬಿಡ್ತಾರೆ, ನಾಳೆ ಮಿರಿಂಡಾ ಥರ ಬರ್ತದೆ, ಗಾಬರಿ ಆಗ್ಬೇಡ ಅಂತ. ಇನ್ನು ಎರಡು ತಿಂಗಳಾಗೋ ಹೊತ್ತಿಗೆ ಕೆಮ್ಮು ನಿಲ್ತದೆ, ಹಸಿವೆ ಬರ್ತದೆ, ವಾಸಿ ಆಯ್ತು ಅಂತ ಅವನೇ ತೀರ್ಮಾನ ಮಾಡಿ ನಿಲ್ಲಿಸ್ತಾನೆ. ಅಲ್ಲೇ ಕೆಡೋದು. ಅರ್ಧಕ್ಕೆ ಬಿಟ್ರೆ ರೋಗ ಮತ್ತೆ ಬರಬಹುದು, ಬಂದಾಗ ಅದೇ ಮಾತ್ರೆಗೆ ಬಗ್ಗದೇ ಇರಬಹುದು. ಅಂಥ ಹಟಮಾರಿ ಟಿಬಿಗೆ ಮುಂಬಯಿ ಎಷ್ಟು ಹೆಸರಾಗಿದೆ ಅಂತ ಶಿವ್ಡಿ ಟಿಬಿ ಆಸ್ಪತ್ರೆಗೆ ಒಂದು ಸಲ ಹೋಗಿ ಬಂದೋರಿಗೆ ಗೊತ್ತು. ಹಾಗಾಗಿ ಇವರು ದಿನಾ ಸಂಜೆ ಫೋನ್ ಮಾಡ್ತಾರೆ. ಮಾತ್ರೆ ಆಯ್ತಾ, ಊಟ ಆಯ್ತಾ, ಮನೆಗೆ ಫೋನ್ ಮಾಡಿದ್ಯಾ. ಫೋನ್ ಎತ್ತಲಿಲ್ಲ ಅಂದ್ರೆ ಕಂಡಕ್ಟರ್ ಅಣ್ಣ ಸೈಟಿಗೇ ಹೋಗ್ತಾರೆ, ಎಪ್ಪತ್ತರ ಹತ್ರದ ಮನುಷ್ಯ, ಅಸಲ್ಫಾ ಗುಡ್ಡ ಹತ್ತಿ ಇಳೀತಾರೆ.

ಊಟದ ವಿಷಯ ಹೇಳ್ಲೇಬೇಕು. ಹೋಟ್ಲಲ್ಲಿ ಕೆಲಸ ಮಾಡೋರಿಗೆ ಊಟಕ್ಕೇನು ಕಮ್ಮಿ ಅಂತ ಜನ ಅಂದ್ಕೊಳ್ತಾರೆ, ಮಧ್ಯಾಹ್ನ ಮೂರೂವರೆಗೆ ತಣ್ಣಗಾದ ಅನ್ನ, ನೀರು ಸಾಂಬಾರು, ಅದೂ ನಿಂತ್ಕೊಂಡು, ಇದು ನಾನು ಕಂಡಿದ್ದು, ಬಡಿಸಿದ್ದೂ ನಾನೇ. ನಮ್ಮ ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾಕ್ಟರ್ ದಂಪತಿ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತೆ ಅವರ ಜೊತೆಯವರು ಜಾರ್ಖಂಡದ ನಾಲ್ಕು ಜಿಲ್ಲೆಯಲ್ಲಿ 2800 ಟಿಬಿ ರೋಗಿಗಳ ಮನೆ ಹಿಡಿದು ಸ್ಟಡಿ ಮಾಡಿದ್ದಾರೆ, 2023ರಲ್ಲಿ ಲ್ಯಾನ್ಸೆಟ್ ಅನ್ನೋ ಡಾಕ್ಟರುಗಳ ಪತ್ರಿಕೆಯಲ್ಲಿ ಬಂತು. ರೋಗಿಗಳಿಗೆಲ್ಲ ರೇಷನ್ ಕೊಟ್ರು, ಅರ್ಧದಷ್ಟು ಕಡೆ ಮನೆಯ ಉಳಿದವರಿಗೂ ಕೊಟ್ರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿಬಿ ಬರೋದು ಶೇ. 39ರಷ್ಟು ಕಮ್ಮಿ, ಹರಡೋ ಥರದ ಶ್ವಾಸಕೋಶದ ಟಿಬಿ ಶೇ. 48ರಷ್ಟು ಕಮ್ಮಿ. ಅಕ್ಕಿ ಬೇಳೆಯಿಂದ! ಸಿಸ್ಟರಕ್ಕ ಇದನ್ನ ನನಗೆ ಹೇಳಿ ಕೇಳಿದ್ರು, ನಿಮ್ಮ ಮಾಳಿಗೆಯ ಎಂಟು ಹುಡುಗ್ರೂ ಒಂದೇ ಮನೆಯವರು ತಾನೇ ಅಂತ. ಅದಕ್ಕೇ ಅವರು ಒಬ್ಬನಿಗೆ ಟಿಬಿ ಅಂದ್ರೆ ಜೊತೆಗೆ ಮಲಗೋ ಎಲ್ಲರನ್ನೂ ಎಕ್ಸ್‌ರೇಗೆ ಕರ್ಕೊಂಡು ಹೋಗ್ತಾರೆ, ಬೇಳೆ, ಶೇಂಗಾ, ಎಣ್ಣೆ, ಮೊಟ್ಟೆ ಎಲ್ಲರಿಗೂ ಆಗೋ ಹಾಗೆ ಕೊಡ್ತಾರೆ. ರೂಮಿನ ಮೂಲೆಯಲ್ಲಿ ಹಳೇ ತೂಕದ ಮಷೀನ್ ಇದೆ, ಪ್ರತಿ ಹದಿನೈದು ದಿನಕ್ಕೆ ತೂಕ ನೋಡಿ ಗೋಡೆ ಮೇಲೆ ಪೆನ್ಸಿಲಲ್ಲಿ ಬರೀತಾರೆ, ಹುಡುಗ್ರಲ್ಲಿ ಅದೇ ಪೈಪೋಟಿ.

ಸರ್ಕಾರದ ದುಡ್ಡೂ ಇದೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಟಿಬಿ ರೋಗಿಯ ಊಟಕ್ಕೆ ಅಂತ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡ್ತಿದ್ರು, 2024ರ ನವೆಂಬರ್‌ನಿಂದ 1000 ಆಗಿದೆ. ಆದ್ರೆ ಬ್ಯಾಂಕ್ ಖಾತೆ ಊರಲ್ಲಿ, ಆಧಾರಲ್ಲಿ ಇರೋ ಫೋನ್ ನಂಬರು ಅಣ್ಣಂದು, ಹುಡುಗ ಇಲ್ಲಿ, ಇದನ್ನೆಲ್ಲ ಒಂದು ಮಾಡಿಸೋಕೆ ಒಬ್ಬ ಮನುಷ್ಯ ಓಡಾಡಬೇಕು. 2022ರ ಸೆಪ್ಟೆಂಬರಲ್ಲಿ ನಿಕ್ಷಯ್ ಮಿತ್ರ ಅಂತ ಶುರು ಆಯ್ತಲ್ಲ, ಸಂಘ ಸಂಸ್ಥೆ, ಕಂಪನಿ, ಒಬ್ಬ ವ್ಯಕ್ತಿ ಬೇಕಾದ್ರೂ ರೋಗಿಗಳಿಗೆ ಕಮ್ಮಿ ಅಂದ್ರೆ ಆರು ತಿಂಗಳು ಪೌಷ್ಟಿಕ ಆಹಾರದ ಹೊಣೆ ತಗೋಬಹುದು. ನಮ್ಮ ಸಂಘಗಳಲ್ಲಿ ಎಷ್ಟು ಹೆಸರು ನೋಂದಾಯಿಸಿವೆ ಅಂತ ನೀವೇ ಒಂದು ರೌಂಡ್ ಫೋನ್ ಮಾಡಿ ಕೇಳಿ ಸಂಪಾದಕರೇ, ಅದೇ ಒಂದು ನ್ಯೂಸ್ ಆಗ್ತದೆ.

ಕಂಡಕ್ಟರ್ ಅಣ್ಣನಿಗೆ ಇನ್ನೊಂದು ಹುಚ್ಚು, ದೊಡ್ಡ ಚಾರಿಟೇಬಲ್ ಆಸ್ಪತ್ರೆಗಳದ್ದು. ಟ್ರಸ್ಟ್ ಆಸ್ಪತ್ರೆಗಳು ಶೇ. 10 ಬೆಡ್ ತೀರಾ ಬಡವರಿಗೆ ಪುಕ್ಕಟೆ, ಇನ್ನೊಂದು ಶೇ. 10 ಕಮ್ಮಿ ಆದಾಯದವರಿಗೆ ರಿಯಾಯಿತಿಯಲ್ಲಿ ಇಡಬೇಕು ಅಂತ ಮಹಾರಾಷ್ಟ್ರದ ಪಬ್ಲಿಕ್ ಟ್ರಸ್ಟ್ ಕಾಯ್ದೆಯ 41ಎಎ ಕೆಳಗೆ ಸ್ಕೀಮ್ ಇದೆ, ಹೈಕೋರ್ಟ್ 2006ರಲ್ಲಿ ಮಾಡಿಕೊಟ್ಟಿದ್ದು. ಕೌಂಟರಲ್ಲಿ ಸುಮ್ಮನೆ ಕೇಳಿದ್ರೆ ಇಲ್ಲ ಅಂತಾರೆ, ಅಣ್ಣ ಸೆಕ್ಷನ್ ನಂಬರ್ ಹೇಳಿ ಕೇಳ್ತಾರೆ, ಆಗ ಕೂತ್ಕೊಳ್ಳಿ ಅಂತಾರೆ. ಇದನ್ನ ನಿಮ್ಮ ಪೇಪರಲ್ಲಿ ತಿಂಗಳಿಗೊಂದು ಸಲ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಹಾಕ್ಬಹುದಲ್ಲ.

ಈ ಟ್ರಸ್ಟಲ್ಲಿ ತಪ್ಪಿಲ್ಲ ಅಂತಲ್ಲ. ಲೆಕ್ಕ ಒಂದು ಹರಿದ ನೋಟ್‌ಬುಕ್ಕಲ್ಲಿ ಇದೆ, ರಸೀದಿ ಕೇಳಿದ್ರೆ ಹುಡುಕ್ತಾರೆ, ಹೆಂಗಸರು ಬರೋದು ಬಹಳ ಕಮ್ಮಿ, ಮನೆಗೆಲಸದ ಹೆಣ್ಮಕ್ಕಳಲ್ಲೂ ಕೆಮ್ಮು ಇದೆ ಅಲ್ವಾ, ಅವರಿಗೆ ಸಂಜೆ ಆರು ಗಂಟೆ ಆಗಿಬರಲ್ಲ. ಇದನ್ನ ಹೇಳಿದ್ದಕ್ಕೆ ಮೆಸ್ಸಿನ ಅಕ್ಕ ನನ್ನ ಮೇಲೆ ಸಿಟ್ಟಾದ್ರು, ಹಾಗಾದ್ರೆ ಭಾನುವಾರ ನೀವೇ ಬಂದು ಬಾಗಿಲು ತೆರೀರಿ ಅಂದ್ರು. ತೆರೀತಾ ಇದ್ದೀನಿ ಈಗ.

ನಾನು ಹತ್ತನೇ ಕ್ಲಾಸ್ ಪಾಸಾಗಿದ್ದು ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ. ತಟ್ಟೆ ತೊಳೆದ ಕೈ ಒರೆಸ್ಕೊಂಡು ಹೋದ್ರೆ ಮಾಸ್ಟ್ರು ಕಾಯ್ತಾ ಇರ್ತಿದ್ರು, ಮಳೆ ಬರ್ಲಿ, ಟ್ರೇನ್ ನಿಲ್ಲಲಿ. ಆ ಕಾಲದ ನಮ್ಮೋರು ವರ್ಷಕ್ಕೊಂದು ದಿನ ಬ್ಯಾನರ್ ಕಟ್ಟಿ ಪಾಠ ಮಾಡ್ಲಿಲ್ಲ, ದಿನಾ ರಾತ್ರಿ ಮಾಡಿದ್ರು. ಈಗಿನ ಸಂಘಗಳಿಗೆ ಹಾಲ್ ಇದೆ, ಎಸಿ ಇದೆ, ಫಂಡ್ ಇದೆ. ಒಂದೊಂದು ಸಂಘ ಹತ್ತು ರೋಗಿಗಳ ಆರು ತಿಂಗಳು ವಹಿಸ್ಕೊಂಡ್ರೆ ಸಾಕು. ಹೋಟ್ಲು ಮಾಲೀಕರಿಗೆ ಬೇರೆ ಮಾತಿದೆ: ಹುಡುಗನ್ನ ಬಸ್ ಹತ್ತಿಸ್ಬೇಡಿ. ಔಷಧಿ ಸರಿಯಾಗಿ ಶುರು ಆದ ಕೆಲವೇ ವಾರದಲ್ಲಿ ಹರಡೋದು ಬಹಳ ಇಳೀತದೆ, ಅಲ್ಲಿವರೆಗೆ ಬೇರೆ ಜಾಗ, ಸಂಬಳ ಸಮೇತ ರಜೆ ಕೊಡಿ, ಮಾಳಿಗೆಯ ಕಿಟಕಿಗೆ ಅಡ್ಡ ಇಟ್ಟ ಎಣ್ಣೆ ಡಬ್ಬ ತೆಗೀರಿ.

ಶಹಾಪುರ ತಾಲೂಕಿನ ಒಬ್ಬ ಹುಡುಗ ಜೂನಲ್ಲಿ ಬಂದಾಗ 38 ಕೆಜಿ ಇದ್ದ. ಮೊನ್ನೆ ಭಾನುವಾರ ಮಷೀನ್ ಮೇಲೆ ನಿಂತು 46 ಅಂತ ಕೂಗಿದ. ಮಷೀನು ಸ್ವಲ್ಪ ಹಳೇದು, ಅರ್ಧ ಕೆಜಿ ಜಾಸ್ತಿ ತೋರಿಸ್ತದೆ, ನಾನು ಹೇಳ್ಲಿಲ್ಲ.

ಇಂತಿ,
ಹಳೇ ಗಲ್ಲಾದವ, ಘಾಟ್‌ಕೋಪರ್, ಮುಂಬಯಿ