ಕುಂಬಳೆಯ ಗ್ಲಾಸಿನ ಅಣ್ಣನಿಗೆ ಥ್ಯಾಂಕ್ಸ್

ಕಾರಿಗೆ ಗ್ಲಾಸ್ ಹಾಕಿಕೊಡುವ ಈ ಅಣ್ಣನ ಹೆಸರು ಕೇಳಿದ್ರೆ "ಹೆಸರು ಎಂತಕ್ಕೆ, ಗ್ಲಾಸ್ ಸರಿ ಕೂತಿತಲ್ಲ" ಅಂತ ನಗಾಡಿದ್ರು, ಹಾಗಾಗಿ ಹೆಸರಿಲ್ಲದೆಯೇ ಬರೀತಾ ಇದ್ದೇನೆ. ರೋಡ್ ಸೈಡಲ್ಲಿ ನಿಲ್ಸಿದ್ದ ಕಾರಿನ ಹಿಂದಿನ ಬಾಗಿಲಿನ ಗ್ಲಾಸ್ ಒಡೆದು ಯಾರೋ ಬ್ಯಾಗ್ ಹೊತ್ಕೊಂಡು ಹೋಗಿದ್ರು, ಮೇಲಿಂದ ಆಟಿ ಮಳೆ ಬೇರೆ, ಸೀಟಿಡೀ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಚೂರು. ಬಾಗಿಲಿನ ಗ್ಲಾಸ್ ಟಫನ್ಡ್, ಅಂದ್ರೆ ಕಾಯಿಸಿ ಗಟ್ಟಿ ಮಾಡಿದ್ದು, ಅದಕ್ಕೇ ಹೀಗೆ ಪುಡಿ ಆಗೋದು, ಎದುರಿನ ಗ್ಲಾಸಿನ ಮಧ್ಯ ಪ್ಲಾಸ್ಟಿಕ್ ಪದರ ಉಂಟು, ಅದು ಬಿರುಕು ಬಿಟ್ರೂ ಉದುರೂದಿಲ್ಲ ಅಂತ ಈ ಅಣ್ಣನೇ ಹೇಳಿದ್ದು.

ಕೂಡ್ಲೇ ಕೈ ಹಾಕ್ಲಿಲ್ಲ ಅವ್ರು. ಮೊದ್ಲು ಫೋಟೋ ತೆಗೀರಿ, ಸ್ಟೇಷನ್ನಿಗೆ ದೂರು ಕೊಡಿ, ಇನ್ಶೂರೆನ್ಸಿನವ್ರಿಗೆ ಹೇಳಿ, ಆಮೇಲೆ ಬಿಚ್ಚುವಾ ಅಂದ್ರು. ಅಷ್ಟರವರೆಗೆ ಮಳೆನೀರು ಬಾರದ ಹಾಗೆ ಪ್ಲಾಸ್ಟಿಕ್ ಶೀಟ್ ಅಂಟಿಸಿಕೊಟ್ರು, ಅದಕ್ಕೆ ದುಡ್ಡೂ ತಗೊಳ್ಳಿಲ್ಲ.

ಗ್ಲಾಸ್ ಮಂಗಳೂರಿಂದ ಬಂತು. ಕೂರಿಸೋದು ಎಂತ ದೊಡ್ಡ ಕೆಲ್ಸ ಅಲ್ಲ ಮಾರಾಯ್ರೆ, ಕ್ಲೀನ್ ಮಾಡೋದೇ ಕೆಲ್ಸ. ಬಾಗಿಲಿನ ಒಳಬದಿ ಮುಚ್ಚುವ ಡೋರ್ ಪ್ಯಾಡನ್ನು ಕ್ಲಿಪ್ ಮುರೀದೆ ಬಿಚ್ಚಿ, ಬಾಗಿಲಿನ ಒಳಗೆ ಬಿದ್ದ ಚೂರನ್ನೆಲ್ಲ ವ್ಯಾಕ್ಯೂಮಲ್ಲಿ ಎಳೆದು, ಅಡಿಯಲ್ಲಿ ನೀರು ಹೋಗುವ ತೂತು ಕಟ್ಟಿದ್ಯಾ ನೋಡಿ, ಗ್ಲಾಸ್ ಜಾರುವ ರಬ್ಬರ್ ಚಾನೆಲ್ ಪೂರ್ತಿ ಬೆರಳಾಡಿಸಿ ನೋಡಿದ್ರು, ಅಲ್ಲಿ ಒಂದು ಚೂರು ಉಳಿದ್ರೂ ಹೊಸ ಗ್ಲಾಸಿಗೆ ಗೀರು ಗ್ಯಾರಂಟಿ ಅಂತೆ. ಆಮೇಲೆ ಗ್ಲಾಸನ್ನು ಏರಿಸಿ ಇಳಿಸುವ ರೆಗ್ಯುಲೇಟರಿಗೆ ಗ್ಲಾಸ್ ಕೂರಿಸಿ ಮೇಲೆ ಕೆಳಗೆ ಓಡಿಸಿ ನೋಡಿಯೇ ಪ್ಯಾಡ್ ಮುಚ್ಚಿದ್ದು.

ಬ್ಯಾಗ್ ಸಿಗ್ಲಿಲ್ಲ, ಬಿಡಿ. ಅಣ್ಣಾ, ಮನೆಯಲ್ಲಿ ಹಲಸಿನ ಹಪ್ಪಳ ಉಂಟು, ಆ ಕಡೆ ಬಂದಾಗ ಕೊಟ್ಟು ಹೋಗ್ತೇನೆ, ಬೇಡ ಅನ್ಬೇಡಿ.